ದೋಣಿಯಲ್ಲಿ ಹೋದವರು, ದಂಡೆಯಲ್ಲಿ ನಡೆದವರು

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ಮೂರು ದಶಕಗಳಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವು ಪ್ರತಿವರ್ಷವೂ ತಪ್ಪದೆ ಒಮ್ಮೆ ಪತನವಾಗುತ್ತಿತ್ತು. 1453ರಲ್ಲಿ ತುರ್ಕರು ಅದನ್ನು ವಶಪಡಿಸಿಕೊಂಡರೆಂಬ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಅದಕ್ಕೊಂದು ಅಂಕವೂ ದೊರೆಯುತ್ತಿತ್ತು. ಆ ನಗರ ಬೀಳುವುದಕ್ಕೆ ಮೊದಲು ಅಲ್ಲಿಗೆ ಯಾರು, ಯಾವ ದಾರಿಯಲ್ಲಿ ಹೋಗುತ್ತಿದ್ದರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಓದುಗ ಮಿತ್ರರು ನಗಬಾರದು, ಆ ಪಾಠ ನನಗೆ ದೊರೆತದ್ದು ನಿವೃತ್ತಿಯ ನಂತರ, ಫಿನ್‌ಲೆಂಡಿನ ಒಂದು ಮೆಟಲ್ ಸಂಗೀತ ತಂಡದ ಧ್ವನಿಮುದ್ರಿಕೆಯಿಂದ.

ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಾಗ ಅದನ್ನು ಕೈಗಿತ್ತು, "ಸರ್, ಗದ್ದಲ ನಿಮಗೆ ಹಿಡಿಸಲಾರದು. ಆದರೆ ಹಾಡುಗಳ ಹೆಸರನ್ನೊಮ್ಮೆ ಓದಿ ನೋಡಿ" ಎಂದನು. ಗದ್ದಲವೇನೋ ನಿಜ, ಅದರ ನಡುವೆ ಪಿಟೀಲು, ಅಕಾರ್ಡಿಯನ್‌ಗಳ ನಾದವೂ ಉಂಟು. ತಂಡದ ಹೆಸರು ತುರಿಸಸ್. 1551ರಲ್ಲಿ ಬಿಷಪ್ ಮಿಕಾಯೆಲ್ ಅಗ್ರಿಕೊಲ ಎಂಬಾತನು ಹ್ಯಾಮೆ ಪ್ರಾಂತ್ಯದ ಜನರ ಹಳೆಯ ದೇವತೆಗಳನ್ನು ಪಟ್ಟಿಮಾಡಿದಾಗ, ಯುದ್ಧದಲ್ಲಿ ಜಯ ಕೊಡುವ ದೇವತೆಯೆಂದು ಬರೆದ ಹೆಸರದು. 1997ರಲ್ಲಿ ತಂಡ ಹುಟ್ಟಿದ್ದೂ ಅದೇ ಪ್ರಾಂತ್ಯದ ಹ್ಯಾಮೆನ್‌ಲಿನ್ನ ಪಟ್ಟಣದಲ್ಲಿ. 2007ರಲ್ಲಿ ಹೊರಬಂದ ಈ ಧ್ವನಿಮುದ್ರಿಕೆಯ ಹೆಸರು 'ದಿ ವರಾಂಜಿಯನ್ ವೇ', ಅಂದರೆ ವರಾಂಜಿಯನ್ನರ ಹಾದಿ.

ಸ್ಕ್ಯಾಂಡಿನೇವಿಯಾದಿಂದ ಪೂರ್ವದ ನದಿಗಳನ್ನು ಹಿಡಿದು ಬಂದ ವರ್ತಕ–ಯೋಧರನ್ನು ಬೈಜಾಂಟಿಯಮ್ಮಿನವರು ವರಾಂಜಿಯನ್ನರೆಂದು ಕರೆದರು. ಮುದ್ರಿಕೆಯ ಎಂಟು ಹಾಡುಗಳು ಅವರ ಒಂದು ಪಯಣದ ಕಥೆ. ಮೊದಲ ಹಾಡಿನ ಹೋಲ್ಮ್‌ಗಾರ್ಡ್ ಎಂದರೆ ನವ್‌ಗೊರೋದ್ ನಗರ. ಎರಡನೆಯದು, ನದಿಯಿಂದ ನದಿಗೆ ದೋಣಿಯನ್ನು ನೆಲದ ಮೇಲೆ ಎಳೆದೊಯ್ಯುವುದರದು. ಐದನೆಯದರ ಯಾರಿಸ್ಲೈಫ್ ಎಂದರೆ 1054ರಲ್ಲಿ ತೀರಿಕೊಂಡ ದೊರೆ ಯಾರೊಸ್ಲಾವ್. ಏಳನೆಯದು ದ್ನೀಪರ್ ನದಿಯ ಪ್ರಪಾತಗಳದು. ಎಂಟನೆಯದರ ಮಿಕ್ಲಗಾರ್ಡ್, 'ಮಹಾನಗರ', ನನ್ನ ಕಾನ್‌ಸ್ಟಾಂಟಿನೋಪಲ್ಲೇ!

ಈ ಕಥೆಗೂ ಫಿನ್ನರಿಗೂ ಏನು ಸಂಬಂಧವೆಂದು ಕೇಳಬಹುದು. ಯಾತ್ರಿಕರಲ್ಲಿ ಹೆಚ್ಚಿನವರು ಇಂದಿನ ಸ್ವೀಡನ್ನಿನ ಕಡೆಯವರು. ಆದರೆ ಫಿನ್ನಿಷ್ ಭಾಷೆಯಲ್ಲಿ ಇಂದಿಗೂ ಸ್ವೀಡನ್ನಿಗೆ 'ರುವೊತ್ಸಿ' ಎಂದು ಹೆಸರು. ದೋಣಿಗೆ ಹುಟ್ಟು ಹಾಕುವುದನ್ನು ಹೇಳುವ ಹಳೆಯ ನಾರ್ಸ್ ಪದದಿಂದ ಅದು ಬಂದಿತೆಂದೂ, ಅದರಿಂದಲೇ 'ರುಸ್' ಎಂಬ ಹೆಸರು ಹುಟ್ಟಿತೆಂದೂ ಬಹುಮಂದಿ ವಿದ್ವಾಂಸರ ಮತ. ರಷ್ಯ ಎಂಬ ದೇಶನಾಮದ ಬೇರಿನಲ್ಲಿ ರಾಜನಿಲ್ಲ, ಹುಟ್ಟು ಹಾಕುವವನಿದ್ದಾನೆ! ಇದನ್ನು ತಿಳಿದಿದ್ದರೆ ನನ್ನ ತರಗತಿಯ ಹಿಂದಿನ ಬೆಂಚೂ ಕಿವಿಗೊಡುತ್ತಿತ್ತು.

ಹಾಡಿನ ಎಳೆ ಹಿಡಿದು ನಾನು ಹುಡುಕಿ ಓದಿದ್ದು ಚಕ್ರವರ್ತಿ ಏಳನೆಯ ಕಾನ್‌ಸ್ಟಾಂಟೈನನು ಹತ್ತನೆಯ ಶತಮಾನದ ಮಧ್ಯಭಾಗದಲ್ಲಿ ತನ್ನ ಮಗನಿಗಾಗಿ ರಚಿಸಿದ ರಾಜನೀತಿಯ ಗ್ರಂಥವನ್ನು. ಅದರಲ್ಲಿ ದ್ನೀಪರಿನ ಏಳು ಪ್ರಪಾತಗಳ ಹೆಸರುಗಳಿವೆ, ರುಸ್ ಜನರ ಮಾತಿನಲ್ಲೊಮ್ಮೆ, ಸ್ಲಾವರ ಮಾತಿನಲ್ಲೊಮ್ಮೆ. ನಾಲ್ಕನೆಯದು ಅತಿ ಭೀಕರ, ಹೆಸರು ಐಫೋರ್. ಅಲ್ಲಿ ದೋಣಿಗಳನ್ನೆಲ್ಲ ದಡಕ್ಕೆ ತರುತ್ತಿದ್ದರು. ಪೆಚೆನೆಗರು ಮೇಲೆರಗದಂತೆ ಕೆಲವರು ಕಾವಲು ನಿಲ್ಲುತ್ತಿದ್ದರು. ಉಳಿದವರು ಸರಕನ್ನು ಇಳಿಸಿ, ಸಂಕೋಲೆ ತೊಡಿಸಿದ ಗುಲಾಮರನ್ನು ಆರು ಮೈಲಿ ದಂಡೆಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು.

ಈ ವಾಕ್ಯದ ಬಳಿ ನಾನು ಪುಸ್ತಕ ಮುಚ್ಚಿದೆ. ಅಷ್ಟು ಹೊತ್ತು ಹಾಡಿನ ಜೊತೆಗೆ ನಾನೂ ದೋಣಿಯಲ್ಲಿಯೇ ಕುಳಿತಿದ್ದೆ. ಸಾಹಸಕಥೆಗಳು ನಮ್ಮನ್ನು ಕುಳ್ಳಿರಿಸುವುದು ಅಲ್ಲಿಯೇ. ಮಾರಾಟಕ್ಕೆಂದು ಹೊರಟ ಮನುಷ್ಯರೂ ಅದೇ ಹಾದಿಯಲ್ಲಿ ನಡೆದಿದ್ದಾರೆಂಬುದು ನನಗೆ ಹೊಳೆದಿರಲಿಲ್ಲ.

ದೋಣಿಯಲ್ಲಿ ಹೋದವರ ಗುರುತುಗಳು ಅಲ್ಲಲ್ಲಿ ಉಳಿದಿವೆ. ಬಾಲ್ಟಿಕ್ ಸಮುದ್ರದ ಗಾಟ್‌ಲೆಂಡ್ ದ್ವೀಪದ ಪಿಲ್‌ಗಾರ್ಡ್ಸ್ ಶಿಲಾಶಾಸನದಲ್ಲಿ, ಐಫೋರಿನವರೆಗೂ ಹೋದವರು ಮಡಿದ ರಾಫ್ನ್ ಎಂಬುವನ ನೆನಪಿಗೆ ಕಲ್ಲು ನಿಲ್ಲಿಸಿದ ಸಂಗತಿಯಿದೆ. 988ರ ಸುಮಾರಿಗೆ ಕೀವ್‌ನ ದೊರೆ ವ್ಲಾದಿಮಿರನು ಕಳುಹಿಸಿದ ಸುಮಾರು 6000 ಯೋಧರಿಂದ ಚಕ್ರವರ್ತಿಯ ಪ್ರಸಿದ್ಧ ಅಂಗರಕ್ಷಕ ಪಡೆ ಬೆಳೆಯಿತು. ಹೇಗಿಯ ಸೋಫಿಯದ ಮಹಡಿಯ ಅಮೃತಶಿಲೆಯ ಮೇಲೆ ಯಾರೋ ಗೀಚಿದ ರೂನ್ ಅಕ್ಷರಗಳು 1964ರಲ್ಲಿ ಕಣ್ಣಿಗೆ ಬಿದ್ದವು; ಸವೆದ ಆ ಬರಹದಲ್ಲಿ ಹಾಲ್ಫ್‌ಡಾನ್ ಎಂಬ ಹೆಸರನ್ನು ಓದಬಹುದು. ಪ್ರವಾಸಕ್ಕೆ ಹೋದ ನಮ್ಮ ಹುಡುಗರು ದೇಗುಲದ ಕಂಬದ ಮೇಲೆ ಹೆಸರು ಕೆತ್ತಿದಾಗ ನಾನು ಬೆತ್ತ ಎತ್ತಿದ್ದು ನೆನಪಾಯಿತು.

ದಂಡೆಯಲ್ಲಿ ನಡೆದವರಿಗೆ ಹೆಸರು ಕೆತ್ತುವ ಕಲ್ಲೂ ಇಲ್ಲ. ಅವರು ನಡೆದ ದಂಡೆಯೂ ಈಗ ಇಲ್ಲ. 1932ರಲ್ಲಿ ಝಪೊರಿಝಿಯಾದ ಬಳಿ ಜಲವಿದ್ಯುತ್ ಅಣೆಕಟ್ಟು ಪೂರ್ಣಗೊಂಡು ಆ ಪ್ರಪಾತಗಳೆಲ್ಲ ಮುಳುಗಿದವು. ಸಂಕೋಲೆಯವರ ಆರು ಮೈಲಿ ನಡಿಗೆ ಉಳಿದಿರುವುದು ಚಕ್ರವರ್ತಿಯೊಬ್ಬನು ಮಗನಿಗಾಗಿ ಬರೆಸಿದ ಆ ಒಂದು ವಾಕ್ಯದಲ್ಲಿ. ಅದೂ ಸರಕಿನ ಲೆಕ್ಕದ ಜೊತೆಗೆ.

ಹಾಡುಗಾರರನ್ನು ನಾನು ದೂರಲಾರೆ. ಮುಳುಗಿಹೋದ ನದೀಪಾತ್ರದವರೆಗೆ ನನ್ನನ್ನು ಕರೆದೊಯ್ದವರು ಅವರೇ. ಮೂವತ್ತು ವರ್ಷ ಇಸವಿಗಳನ್ನಷ್ಟೇ ಕಲಿಸಿದ ಲೋಪ ನನ್ನದು. ಮತ್ತೆ ಒಂದೇ ಒಂದು ಪಿರಿಯಡ್ ದೊರೆತರೆ ಕಪ್ಪುಹಲಗೆಯ ಮೇಲೆ 1453 ಎಂದು ಬರೆಯಲಾರೆ. ಒಂದು ನದಿಯನ್ನೂ ಅದರಲ್ಲೊಂದು ದೋಣಿಯನ್ನೂ ಬರೆದು, "ದಂಡೆಯ ಮೇಲೆ ಯಾರಿದ್ದಾರೆ, ಹೇಳಿ ನೋಡೋಣ" ಎಂದು ಕೇಳುವೆನು.