ಬಿದ್ದ ಜಾಗ, ತಳ್ಳಿದ ಕೈ

ಕೆಲಸ ಮಾಡ್ತಾ ಇರುವಾಗ ಅಪ್ಲಿಕೇಶನ್ ಧೊಪ್ಪಂತ ಮುಚ್ಚಿಕೊಂಡರೆ ನಾವು ಮಾಡೋ ಮೊದಲ ಕೆಲಸ ಬೈಯೋದು, ಎರಡನೇದು ಮತ್ತೆ ಓಪನ್ ಮಾಡೋದು. ಇವೆರಡರ ನಡುವೆ ಕಂಪ್ಯೂಟರ್ ತನ್ನ ಪಾಡಿಗೆ ಒಂದು ಮಹಜರು ಬರೆದಿಟ್ಟಿರುತ್ತೆ. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ಲಾಗ್‌ನಲ್ಲಿ 1000 ಅನ್ನೋ ನಂಬರಿನ ಎರರ್ ಹುಡುಕಿ. ಸತ್ತ ಪ್ರೋಗ್ರಾಂ ಯಾವುದು, ಎಷ್ಟು ಹೊತ್ತಿಗೆ ಸತ್ತಿತು, ಆಗ ಯಾವ ತುಣುಕು ಓಡ್ತಾ ಇತ್ತು ಅಂತ ಬರೆದಿರುತ್ತೆ. ಆ ತುಣುಕಿನ ಹೆಸರೇ ‘ಫಾಲ್ಟಿಂಗ್ ಮಾಡ್ಯೂಲ್’.

ಈ ಮಹಜರಿಗೂ ಒಂದು ಇತಿಹಾಸ ಇದೆ. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ವಿಂಡೋಸ್ 3ರ ಕಾಲದಲ್ಲಿ, ಮೈಕ್ರೋಸಾಫ್ಟ್‌ನ ಡಾನ್ ಕಾರ್ಬಿಟ್ ಎಂಬ ಪ್ರೋಗ್ರಾಮರ್ ಕ್ರ್ಯಾಶ್ ಆದ ಕ್ಷಣದ ವಿವರ ಹಿಡಿದಿಡುವ ಸಣ್ಣ ಸಾಧನವೊಂದನ್ನು ಬರೆದ. ಅದಕ್ಕೆ ಮೊದಲು ಇಟ್ಟ ಹೆಸರು ಷರ್ಲಾಕ್. ಆ ಹೆಸರು ಬೇರೊಂದು ಸಾಫ್ಟ್‌ವೇರ್‌ಗೆ ಆಗಲೇ ಇದ್ದಿದ್ದರಿಂದ ಡಾಕ್ಟರ್ ವಾಟ್ಸನ್ ಅಂತ ಬದಲಾಯಿತು. ನನಗೇನೋ ಇದೇ ಸರಿಯಾದ ಹೆಸರು ಅನ್ನಿಸುತ್ತೆ. ಕಥೆಗಳಲ್ಲಿ ನೋಡಿದ್ದನ್ನು ಬರೆದಿಡೋನು ವಾಟ್ಸನ್, ಕಳ್ಳನನ್ನು ಹಿಡಿಯೋನು ಷರ್ಲಾಕ್. ಕ್ರ್ಯಾಶ್ ಲಾಗ್ ಮಾಡೋದು ವಾಟ್ಸನ್ ಕೆಲಸ ಮಾತ್ರ. ಷರ್ಲಾಕ್ ಕೆಲಸ ನಮಗೇ ಬಿಟ್ಟಿದ್ದು.

2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ‘ಎರರ್ ರಿಪೋರ್ಟ್ ಕಳಿಸಲೇ?’ ಅಂತ ಕೇಳುವ ಆ ಪುಟ್ಟ ಕಿಟಕಿ ಬಂದಿದ್ದು ಅದರ ಜೊತೆಗೇ. ಕನ್ನಡಿಗರಿಗೆ ಅದೇ ಎಕ್ಸ್‌ಪಿ ಇನ್ನೊಂದು ಕಾರಣಕ್ಕೂ ಮುಖ್ಯ: ವಿಂಡೋಸ್‌ಗೆ ಕನ್ನಡ ಅಕ್ಷರ ಜೋಡಿಸೋಕೆ ಬಂದಿದ್ದು, ‘ತುಂಗಾ’ ಫಾಂಟ್ ಸಿಕ್ಕಿದ್ದು ಅದರಲ್ಲೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿ ಆಗಲೇ ಹತ್ತು ವರ್ಷ ಆಗಿತ್ತು.

ಅದಕ್ಕೂ ಮುಂಚೆ ನಾವು ಕನ್ನಡ ಬರೀತಿರಲಿಲ್ವಾ? ಬರೀತಿದ್ವಿ. 1998ರಲ್ಲೇ ‘ಬರಹ’ ಬಂದಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆದರೆ ಆಗಿನ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಿದ್ದರು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಅರ್ಥವಿಲ್ಲದ ಇಂಗ್ಲಿಷ್. ಫಾಂಟ್ ಇಲ್ಲದ ಮೆಷಿನ್ನಿನಲ್ಲಿ ಫೈಲ್ ತೆರೆದವರಿಗೆ ಆ ಗೋಜಲು ನೆನಪಿರಬಹುದು. ಹೀಗಾಗಿ ‘ಕನ್ನಡ ಹಾಕಿದ್ರೆ ಕಂಪ್ಯೂಟರ್ ಕೈ ಕೊಡುತ್ತೆ’ ಅನ್ನೋ ಭಯ ಒಂದು ತಲೆಮಾರಿನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಆ ಭಯವನ್ನು ನಾನು ನಮ್ಮ ಅಂಜನಾಪುರದಲ್ಲೇ ಕಂಡಿದ್ದೀನಿ. ಹಿಂದಿನ ರಸ್ತೆಯ ನಿವೃತ್ತ ಮೇಷ್ಟ್ರೊಬ್ಬರು ಹಳೇ ಡೆಸ್ಕ್‌ಟಾಪಿನಲ್ಲಿ ತಮ್ಮ ಊರಿನ ನೆನಪುಗಳನ್ನು ಟೈಪ್ ಮಾಡ್ತಾ ಇದ್ರು. ಪ್ರಿಂಟ್ ಕೊಟ್ಟರೆ ಸಾಕು, ಪ್ರೋಗ್ರಾಂ ಮಾಯ. “ಕನ್ನಡ ಅಲ್ವೇನಪ್ಪ, ಅದಕ್ಕೇ ಹಿಂಗೆ. ಉಳಿದಿದ್ದನ್ನ ಇಂಗ್ಲಿಷಲ್ಲೇ ಬರೆದು ಮುಗಿಸ್ತೀನಿ ಬಿಡು” ಅಂದ್ರು. ಲಾಗ್ ನೋಡಿದರೆ ಫಾಲ್ಟಿಂಗ್ ಮಾಡ್ಯೂಲ್ ‘ಎನ್‌ಟಿಡಿಎಲ್ಎಲ್’. ಇದು ವಿಂಡೋಸ್‌ನ ಪ್ರತಿ ಪ್ರೋಗ್ರಾಂ ಜೊತೆಗೂ ಇರೋ ಫೈಲು. ಬೇರೆ ಯಾರೋ ಮೆಮೊರಿ ಕೆಡಿಸಿ ಹೋದರೂ ಎಷ್ಟೋ ಸಲ ಸಿಕ್ಕಿಬೀಳೋದು ಇದೇ, ಕಳ್ಳತನ ಆದ ಅಪಾರ್ಟ್‌ಮೆಂಟಿನ ವಾಚ್‌ಮನ್ ಥರ. ಖಾಲಿ ಪುಟದಲ್ಲಿ ಎರಡು ಸಾಲು ಇಂಗ್ಲಿಷ್ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ಆಗಲೂ ಕ್ರ್ಯಾಶ್. ಅದೇ ಕನ್ನಡ ಫೈಲನ್ನು ಪ್ರಿಂಟರ್ ಬದಲು ಪಿಡಿಎಫ್‌ಗೆ ಕಳಿಸಿದೆ, ಏನೂ ಆಗಲಿಲ್ಲ. ಹಳೇ ಪ್ರಿಂಟರ್ ಡ್ರೈವರ್ ತೆಗೆದು ಹೊಸದು ಹಾಕಿದ ಮೇಲೆ ಪುಟಗಳು ಸಲೀಸಾಗಿ ಬಂದವು. ಮೇಷ್ಟ್ರು ಕನ್ನಡದಲ್ಲೇ ಮುಂದುವರಿದರು.

ದೊಡ್ಡವರ ಜಗತ್ತಿನಲ್ಲೂ ಇದೇ ಕಥೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಬಂದರೆ ಐಫೋನ್ ಮತ್ತು ಮ್ಯಾಕ್‌ನ ಆ್ಯಪ್‌ಗಳು ಕುಸಿಯುತ್ತಿದ್ದವು. ಜ, ವಿರಾಮ ಚಿಹ್ನೆ, ಞ, ದೀರ್ಘ, ಇವುಗಳ ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಇತ್ತು. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜ್ ಮತ್ತು ಕು ಒತ್ತಕ್ಷರ ಆಗದಂತೆ ತಡೆಯೋಕೆ ನಾವು ಬಳಸೋದೂ ಅದನ್ನೇ. ಸುದ್ದಿಗಳಲ್ಲಿ ಅಕ್ಷರವೇ ಅಪರಾಧಿ ಆಯಿತು. ತಪ್ಪಿದ್ದಿದ್ದು ಅಕ್ಷರ ಜೋಡಿಸುವ ಆಪಲ್‌ನ ‘ಕೋರ್‌ಟೆಕ್ಸ್ಟ್’ ಎಂಬ ತುಣುಕಿನಲ್ಲಿ. ಫೆಬ್ರವರಿ 19ಕ್ಕೆ ಆಪಲ್ ಅದನ್ನು ಸರಿಪಡಿಸಿತು. ತೆಲುಗಿನಲ್ಲಿ ಒಂದು ಗೆರೆಯೂ ಬದಲಾಗಬೇಕಾಗಿರಲಿಲ್ಲ.

2024ರ ಜುಲೈ 19, ಶುಕ್ರವಾರ, ನಿಮ್ಮ ಆಫೀಸಿನಲ್ಲೂ ನೀಲಿ ಪರದೆ ಕಂಡಿರಬಹುದು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಮೊದಲು ಬೈಸಿಕೊಂಡಿದ್ದು ಮೈಕ್ರೋಸಾಫ್ಟ್. ಪರದೆ ಮೇಲಿದ್ದ ಹೆಸರು ಕ್ರೌಡ್‌ಸ್ಟ್ರೈಕ್‌ನ ಡ್ರೈವರ್. ಆದರೆ ಆ ಡ್ರೈವರ್ ಅವತ್ತು ಬದಲಾಗಿರಲಿಲ್ಲ. ಬದಲಾಗಿದ್ದು ಅದು ಓದುವ ಒಂದು ಡೇಟಾ ಫೈಲ್. ಫೈಲ್ 21ನೇ ಮೌಲ್ಯ ನೋಡು ಅಂದಿತು, ಡ್ರೈವರ್ ಕೈಯಲ್ಲಿ ಇದ್ದಿದ್ದು 20 ಮಾತ್ರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39ಕ್ಕೆ ಬಿಟ್ಟ ಆ ಫೈಲನ್ನು 10:57ಕ್ಕೆ ವಾಪಸ್ ಪಡೆದರು. ಯಂತ್ರಗಳನ್ನು ಎಬ್ಬಿಸೋಕೆ ಮಾತ್ರ ದಿನಗಳೇ ಹಿಡಿದವು.

ಹಾಗಾಗಿ ಮಹಜರು ಓದುವಾಗ ಮೂರು ಪ್ರಶ್ನೆ ಕೇಳಿ. ಪ್ರತಿ ಸಲವೂ ಅದೇ ಮಾಡ್ಯೂಲ್ ಬೀಳುತ್ತಾ, ಬೇರೆ ಬೇರೆನಾ? ಬೇರೆ ಬೇರೆ ಆದರೆ ರ‍್ಯಾಮ್ ಪರೀಕ್ಷೆ ಮಾಡಿಸಿ. ಬೀಳೋ ಮುಂಚೆ ನೀವು ಏನು ಮಾಡಿದ್ರಿ? ಮೊದಲ ಸಲ ಬೀಳೋಕೆ ಮುಂಚೆ ಮೆಷಿನ್ನಿನಲ್ಲಿ ಏನು ಬದಲಾಗಿತ್ತು? ಲಾಗ್‌ನಲ್ಲಿ ಹೆಸರು ಇದೆ ಅಂತ ನೆಟ್‌ನಿಂದ ಅದೇ ಹೆಸರಿನ ಡಿಎಲ್ಎಲ್ ಇಳಿಸಿಕೊಂಡು ಹಾಕೋಕಂತೂ ಹೋಗಬೇಡಿ. ಹೆಸರಿರೋದು ಬಿದ್ದ ಜಾಗದ್ದು, ತಳ್ಳಿದ ಕೈ ಯಾವುದು ಅಂತ ಹುಡುಕಬೇಕು. ಹುಡುಕುವವರೆಗೆ ಅಕ್ಷರವನ್ನಾಗಲೀ ಭಾಷೆಯನ್ನಾಗಲೀ ಅದರ ಪಾಡಿಗೆ ಬಿಡೋಣ.