ಲೇಖಕ ಕೊಂದ, ಓದುಗರು ಬದುಕಿಸಿದರು

ಲಂಡನ್ನಿನ ಬೇಕರ್ ಸ್ಟ್ರೀಟ್‌ನಲ್ಲಿ 1932ರಲ್ಲಿ ಗೃಹಸಾಲ ನೀಡುವ ಸಂಸ್ಥೆಯೊಂದು ತನ್ನ ಹೊಸ ಕಚೇರಿಯನ್ನು ತೆರೆಯಿತು. ಮುಂದೆ ಅಬೇ ನ್ಯಾಷನಲ್ ಎಂದು ಹೆಸರಾದ ಆ ಸಂಸ್ಥೆಯ ಕಟ್ಟಡ ಎಷ್ಟು ದೊಡ್ಡದೆಂದರೆ ಬೀದಿಯ 219ರಿಂದ 229ರವರೆಗಿನ ಮನೆ ನಂಬರುಗಳೆಲ್ಲ ಅದರ ಹೊಟ್ಟೆಯೊಳಗೆ ಸೇರಿಹೋದವು. ಕಚೇರಿ ತೆರೆದದ್ದೇ ತಡ, ಸಾಲದ ಅರ್ಜಿಗಳ ಜೊತೆಗೆ ಬೇರೊಂದು ಬಗೆಯ ಟಪಾಲೂ ಬರತೊಡಗಿತು. ಲಕೋಟೆಯ ಮೇಲಿನ ವಿಳಾಸ: ಷರ್ಲಾಕ್ ಹೋಮ್ಸ್, 221 ಬಿ, ಬೇಕರ್ ಸ್ಟ್ರೀಟ್. ಕೆಲವರು ಹುಟ್ಟುಹಬ್ಬಕ್ಕೆ ಶುಭಾಶಯ ಕೋರಿದ್ದರು, ಕೆಲವರು ತಮ್ಮ ಕಷ್ಟ ತೋಡಿಕೊಂಡು ಪತ್ತೆ ಮಾಡಿಕೊಡಬೇಕೆಂದು ಬೇಡಿಕೊಂಡಿದ್ದರು. ಕೊನೆಗೆ ಸಂಸ್ಥೆ ಈ ಪತ್ರಗಳಿಗೆ ಉತ್ತರ ಬರೆಯುವುದಕ್ಕೆಂದೇ ಒಬ್ಬ ಕಾರ್ಯದರ್ಶಿಯನ್ನು ಇರಿಸಿಕೊಳ್ಳಬೇಕಾಯಿತು. ಹೋಮ್ಸ್ ಈಗ ನಿವೃತ್ತ, ಸಸೆಕ್ಸ್‌ನ ಹಳ್ಳಿಯೊಂದರಲ್ಲಿ ಜೇನು ಸಾಕಿಕೊಂಡಿದ್ದಾನೆ ಎಂಬುದು ಸಾಮಾನ್ಯವಾಗಿ ಹೋಗುತ್ತಿದ್ದ ಉತ್ತರ.

ಮನುಷ್ಯನೂ ಕಲ್ಪನೆಯವನು, ಮನೆಯೂ ಕಲ್ಪನೆಯದು. ಕಥೆಗಳು ಬರೆಯಲ್ಪಟ್ಟ ಕಾಲದಲ್ಲಿ ಬೇಕರ್ ಸ್ಟ್ರೀಟ್‌ನ ನಂಬರುಗಳು 221ರ ಹತ್ತಿರಕ್ಕೂ ಬಂದಿರಲಿಲ್ಲ. 1990ರಲ್ಲಿ ಅದೇ ಬೀದಿಯಲ್ಲಿ ಹೋಮ್ಸ್ ಹೆಸರಿನ ವಸ್ತುಸಂಗ್ರಹಾಲಯವೊಂದು ತೆರೆದು, 221 ಬಿ ಎಂಬ ಫಲಕ ತಗುಲಿಸಿಕೊಂಡು, ಟಪಾಲು ತನಗೆ ಸೇರಬೇಕೆಂದು ಹಕ್ಕು ಸಾಧಿಸಿತು. ಇಲ್ಲದವನ ಹೆಸರಿಗೆ ಬಂದ ಕಾಗದಗಳಿಗಾಗಿ ಇರುವವರ ನಡುವೆ ವರ್ಷಗಟ್ಟಲೆ ವ್ಯಾಜ್ಯ! ಸಾಲದ ಸಂಸ್ಥೆ ಆ ಬೀದಿಯಿಂದ ಎದ್ದುಹೋದ ಮೇಲಷ್ಟೇ ಅದು ತಣ್ಣಗಾಯಿತು.

ಇಷ್ಟಕ್ಕೆಲ್ಲ ಕಾರಣನಾದ ಆರ್ಥರ್ ಕಾನನ್ ಡಾಯ್ಲ್ 1859ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವನು. ಅಲ್ಲಿಯೇ ವೈದ್ಯಕೀಯ ಓದುವಾಗ ಅವನಿಗೆ ಗುರುವಾಗಿದ್ದವನು ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯ. ರೋಗಿ ಬಾಯಿ ತೆರೆಯುವ ಮೊದಲೇ ಅವನ ಕಸುಬು, ಊರು, ಕೇರಿ ಹೇಳಿಬಿಡುವುದು ಬೆಲ್‌ನ ಹವ್ಯಾಸ. ಒಮ್ಮೆ ಒಬ್ಬ ರೋಗಿಯನ್ನು ಕಂಡವನೇ, ಈತ ಸೈನ್ಯದಿಂದ ಇತ್ತೀಚೆಗೆ ಬಿಡುಗಡೆಯಾದವನು, ಬಾರ್ಬಡೋಸ್‌ನಲ್ಲಿ ಇದ್ದವನು ಎಂದನಂತೆ. ಆತ ಮರ್ಯಾದಸ್ಥನಾದರೂ ಟೋಪಿ ತೆಗೆಯಲಿಲ್ಲ, ಅದು ಸೈನ್ಯದ ರೂಢಿ. ಅವನಿಗಿದ್ದದ್ದು ಆನೆಕಾಲು ರೋಗ, ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸ್‌ನದು. ವಿವರಣೆ ಕೇಳುವವರೆಗೆ ಪವಾಡ, ಕೇಳಿದ ಮೇಲೆ ಇಷ್ಟೇನೇ ಎನಿಸುವ ಮಾತು. ಹೋಮ್ಸ್ ಕಥೆಗಳ ಇಡೀ ಸ್ವಾರಸ್ಯ ಈ ಎರಡು ಕ್ಷಣಗಳ ನಡುವೆಯೇ ಇದೆ.

ಹೋಮ್ಸ್ ಮೊದಲು ಕಾಣಿಸಿಕೊಂಡ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಕಾದಂಬರಿಯ ಎಲ್ಲ ಹಕ್ಕುಗಳನ್ನೂ ಪ್ರಕಾಶಕರು 25 ಪೌಂಡಿಗೆ ಕೊಂಡು, 1887ರ ಕ್ರಿಸ್‌ಮಸ್ ವಿಶೇಷಾಂಕವೊಂದರಲ್ಲಿ ಅಚ್ಚುಹಾಕಿದರು. ಯಾರೂ ಹೆಚ್ಚು ಗಮನಿಸಲಿಲ್ಲ. 1891ರಲ್ಲಿ ಡಾಯ್ಲ್ ಲಂಡನ್ನಿಗೆ ಬಂದು ಕಣ್ಣಿನ ವೈದ್ಯನೆಂದು ಬೋರ್ಡು ಹಾಕಿಕೊಂಡ. ತನ್ನ ಹೊಸಿಲು ದಾಟಿ ಒಬ್ಬ ರೋಗಿಯೂ ಒಳಗೆ ಬರಲಿಲ್ಲವೆಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಖಾಲಿ ಸಮಯ ನಮಗೆ ಲಾಭವಾಯಿತು. ಆಗಷ್ಟೇ ಹುಟ್ಟಿದ್ದ ‘ಸ್ಟ್ರ್ಯಾಂಡ್’ ಎಂಬ ಆರು ಪೆನ್ನಿಯ ಮಾಸಪತ್ರಿಕೆಗೆ ಅವನು ಒಂದು ಉಪಾಯ ಹೂಡಿದ. ಧಾರಾವಾಹಿಯಾದರೆ ಒಂದು ಸಂಚಿಕೆ ತಪ್ಪಿದ ಓದುಗ ಪತ್ರಿಕೆಯನ್ನೇ ಬಿಟ್ಟುಬಿಡುತ್ತಾನೆ. ಬಿಡಿ ಕಥೆಯಾದರೆ ಮುಂದಿನ ತಿಂಗಳು ಹಿಡಿದುಕೊಳ್ಳುವಂಥದ್ದು ಏನೂ ಇರುವುದಿಲ್ಲ. ಕಥೆ ಪ್ರತಿ ತಿಂಗಳೂ ಮುಗಿಯಬೇಕು, ಆದರೆ ನಾಯಕ ಮಾತ್ರ ಅವನೇ ಇರಬೇಕು. ಇಂದು ಟಿ.ವಿ.ಯಲ್ಲಿ ನಿತ್ಯ ನೋಡುವ ಈ ತಂತ್ರ ಅಂದಿಗೆ ಹೊಸದು. 1891ರ ಜುಲೈಯಿಂದ ಕಥೆಗಳು ಬಂದವು. ರೈಲಿನಲ್ಲಿ ಕಚೇರಿಗೆ ಹೋಗಿಬರುವ ಗುಮಾಸ್ತರ ಊರಾದ ಲಂಡನ್ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಎರಡೂ ಕಡೆ ಅಂಚಿರುವ ಆ ಪ್ರಸಿದ್ಧ ಟೋಪಿ ಡಾಯ್ಲ್‌ನದಲ್ಲ, ಚಿತ್ರಕಾರ ಸಿಡ್ನಿ ಪ್ಯಾಜೆಟ್ ತೊಡಿಸಿದ್ದು. ಬಾಗಿದ ಪೈಪು ಜನಪ್ರಿಯವಾದದ್ದು ಅಮೆರಿಕದ ನಟ ವಿಲಿಯಂ ಜಿಲೆಟ್ ರಂಗದ ಮೇಲೆ ಹಿಡಿದ ಮೇಲೆ.

ಡಾಯ್ಲ್‌ಗೆ ಬಹುಬೇಗ ಬೇಸರ ಹತ್ತಿತು. ಅವನ ಕಣ್ಣಿದ್ದದ್ದು ಚಾರಿತ್ರಿಕ ಕಾದಂಬರಿಗಳ ಮೇಲೆ. ಮೊದಲ ಹನ್ನೆರಡು ಕಥೆ ಮುಗಿಯುವಷ್ಟರಲ್ಲಿಯೇ ಹೋಮ್ಸ್‌ನನ್ನು ಕೊಂದುಬಿಡುವ ಯೋಚನೆಯಿದೆ ಎಂದು ತಾಯಿಗೆ ಬರೆದ. ಆಕೆ ಗದರಿಸಿದ್ದಲ್ಲದೆ ಇನ್ನೊಂದು ಕಥೆಗೆ ವಸ್ತುವನ್ನೂ ಕೊಟ್ಟಳು. ಪತ್ರಿಕೆ ಇನ್ನೂ ಕಥೆ ಕೇಳಿದಾಗ, ಒಪ್ಪಲಾರರೆಂಬ ನಂಬಿಕೆಯಿಂದಲೇ ಹನ್ನೆರಡಕ್ಕೆ ಸಾವಿರ ಪೌಂಡು ಎಂದ, ಅವರು ಒಪ್ಪಿಬಿಟ್ಟರು. ಕೊನೆಗೆ 1893ರ ಡಿಸೆಂಬರ್ ಸಂಚಿಕೆಯಲ್ಲಿ, ಸ್ವಿಟ್ಜರ್‌ಲೆಂಡಿನ ರೈಚೆನ್‌ಬಾಖ್ ಜಲಪಾತದಲ್ಲಿ, ಮೊರಿಯಾರ್ಟಿ ಎಂಬ ಖಳನ ಜೊತೆಗೆ ಹೋಮ್ಸ್ ಪ್ರಪಾತಕ್ಕೆ ಬಿದ್ದ. ಅದೇ ವರ್ಷ ಡಾಯ್ಲ್‌ನ ತಂದೆ ತೀರಿಕೊಂಡಿದ್ದ, ಹೆಂಡತಿಗೆ ಕ್ಷಯರೋಗವೆಂದು ಗೊತ್ತಾಗಿತ್ತು. ಓದುಗರಿಗೆ ಅದರ ಗೊಡವೆಯಿರಲಿಲ್ಲ. ಅವರಿಗೆ ಸತ್ತವನು ಒಬ್ಬನೇ.

ಲಂಡನ್ನಿನ ತರುಣರು ಟೋಪಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದರೆಂಬ ಮಾತು ಹೋಮ್ಸ್ ಕುರಿತ ಲೇಖನಗಳಲ್ಲೆಲ್ಲ ಬರುತ್ತದೆ. ಅಂದಿನ ಪತ್ರಿಕೆಗಳನ್ನು ಜಾಲಾಡಿದವರಿಗೆ ಇದಕ್ಕೆ ಆಧಾರ ಸಿಕ್ಕಿಲ್ಲ. ಅದು ಹರಡಿದ್ದು ಜಾನ್ ಡಿಕ್ಸನ್ ಕಾರ್ 1949ರಲ್ಲಿ ಬರೆದ ಡಾಯ್ಲ್ ಜೀವನಚರಿತ್ರೆಯಿಂದ. ಇಪ್ಪತ್ತು ಸಾವಿರ ಚಂದಾದಾರರು ಪತ್ರಿಕೆ ಬಿಟ್ಟರೆಂಬ ಲೆಕ್ಕವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಆದರೆ ಒಬ್ಬ ಮಹಿಳೆ ತನ್ನನ್ನು ಮೃಗವೆಂದು ಕರೆದು ಕಾಗದ ಬರೆದದ್ದನ್ನು ಡಾಯ್ಲ್‌ನೇ ದಾಖಲಿಸಿದ್ದಾನೆ. ಕಪ್ಪು ಪಟ್ಟಿ ಕಟ್ಟಿರಲಿ ಬಿಡಲಿ, ಓದುಗರು ಕ್ಷಮಿಸಲಿಲ್ಲವೆಂಬುದಂತೂ ನಿಜ.

ಎಂಟು ವರ್ಷ ಅವನು ಹಟ ಹಿಡಿದ. 1901ರಲ್ಲಿ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಬಂದಾಗ, ಇದು ಸಾಯುವ ಮೊದಲಿನ ಸಂಗತಿ ಎಂದು ಜಾರಿಕೊಂಡ. ಆಮೇಲೆ ಅಮೆರಿಕದ ‘ಕೊಲಿಯರ್ಸ್’ ವಾರಪತ್ರಿಕೆ ಹದಿಮೂರು ಕಥೆಗಳಿಗೆ 45,000 ಡಾಲರು ಕೊಡುವುದಾಗಿ ಹೇಳಿತು. 1903ರಲ್ಲಿ ಹೋಮ್ಸ್ ಬದುಕಿ ಬಂದ. ಅಸಲಿಗೆ ಅವನು ಜಲಪಾತಕ್ಕೆ ಬಿದ್ದೇ ಇರಲಿಲ್ಲವಂತೆ. ಮರೆಯಾಗಿದ್ದ ವರ್ಷಗಳಲ್ಲಿ ಟಿಬೆಟ್‌ನ ಲ್ಹಾಸಾಕ್ಕೂ ಹೋಗಿದ್ದನಂತೆ. ಕಾರಣ ಎಷ್ಟು ತೆಳುವಾಗಿದ್ದರೇನು, ಜನ ಪ್ರಶ್ನಿಸಲಿಲ್ಲ. 1927ರವರೆಗೆ ಬರೆದು ಡಾಯ್ಲ್ ಮುಗಿಸಿದಾಗ ನಾಲ್ಕು ಕಾದಂಬರಿ, 56 ಕಥೆಗಳಾಗಿದ್ದವು.

ಈ ಅರವತ್ತು ಬರಹಗಳನ್ನು ಅಭಿಮಾನಿಗಳು ಧರ್ಮಗ್ರಂಥದಂತೆ ಓದುವ ಆಟ ಶುರುವಾದದ್ದು ಲೇಖಕ ಬದುಕಿದ್ದಾಗಲೇ. 1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ರೊನಾಲ್ಡ್ ನಾಕ್ಸ್ ಎಂಬ ತರುಣ ವಿದ್ವಾಂಸ ಒಂದು ಪ್ರಬಂಧ ಓದಿದ. ಬೈಬಲಿನ ಪಠ್ಯಗಳನ್ನು ಕತ್ತರಿಸಿ ಪರೀಕ್ಷಿಸುತ್ತಿದ್ದ ಪಂಡಿತರನ್ನು ಗೇಲಿ ಮಾಡಲು ಅವರ ವಿಧಾನವನ್ನೇ ಹೋಮ್ಸ್ ಕಥೆಗಳಿಗೆ ಅನ್ವಯಿಸಿದ್ದ. ಗೇಲಿ ಮರೆತುಹೋಯಿತು, ವಿಧಾನ ಉಳಿಯಿತು. ಆಟದ ನಿಯಮ ಇಷ್ಟು: ಹೋಮ್ಸ್ ಬದುಕಿದ್ದ ಮನುಷ್ಯ, ಕಥೆಗಳನ್ನು ಬರೆದವನು ಅವನ ಗೆಳೆಯ ಡಾ. ವಾಟ್ಸನ್, ಡಾಯ್ಲ್ ಬರೀ ಪ್ರಕಾಶನದ ಏಜೆಂಟು. ಹೀಗಾಗಿ ಕಥೆಯಲ್ಲಿ ತಪ್ಪು ಸಿಕ್ಕಿದರೆ ಲೇಖಕನನ್ನು ದೂರುವಂತಿಲ್ಲ, ಸಮಾಧಾನ ಹುಡುಕಬೇಕು. ಅವಸರದಲ್ಲಿ ಬರೆದ ಡಾಯ್ಲ್ ತಪ್ಪುಗಳನ್ನು ಧಾರಾಳವಾಗಿಯೇ ಬಿಟ್ಟುಹೋಗಿದ್ದಾನೆ. ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ವಾಟ್ಸನ್‌ಗೆ ಗುಂಡು ತಗುಲಿದ್ದು ಒಂದು ಕಾದಂಬರಿಯಲ್ಲಿ ಹೆಗಲಿಗೆ, ಇನ್ನೊಂದರಲ್ಲಿ ಕಾಲಿಗೆ. ಅವನ ಹೆಸರು ಜಾನ್, ಒಂದು ಕಥೆಯಲ್ಲಿ ಮಾತ್ರ ಹೆಂಡತಿ ಜೇಮ್ಸ್ ಎಂದು ಕರೆಯುತ್ತಾಳೆ. ಸ್ವತಃ ಪತ್ತೇದಾರಿ ಕಾದಂಬರಿಗಾರ್ತಿಯಾಗಿದ್ದ ಡೊರೊಥಿ ಸೇಯರ್ಸ್ ಇದಕ್ಕೆ ಕೊಟ್ಟ ಪರಿಹಾರ ಪ್ರಸಿದ್ಧ: ಜಾನ್ ಎಚ್. ವಾಟ್ಸನ್ ಎಂಬುದರಲ್ಲಿ ‘ಎಚ್’ ಎಂದರೆ ಹೇಮಿಷ್, ಅದು ಜೇಮ್ಸ್‌ನ ಸ್ಕಾಟಿಷ್ ರೂಪ, ಹೆಂಡತಿ ಪ್ರೀತಿಯಿಂದ ಹಾಗೆ ಕರೆದಿದ್ದಾಳೆ! ಕುಮಾರವ್ಯಾಸನ ಕಾಲನಿರ್ಣಯದ ಚರ್ಚೆಗಳನ್ನು ಓದಿದ ಕನ್ನಡಿಗರಿಗೆ ಈ ವಾದದ ಧಾಟಿ ಅಷ್ಟೇನೂ ಅಪರಿಚಿತವೆನಿಸಲಾರದು.

ನಮಗೆ ಹೆಚ್ಚು ಮೋಜೆನಿಸುವುದು ಭಾರತದ ಹಾವಿನ ಪ್ರಕರಣ. ‘ದಿ ಸ್ಪೆಕಲ್ಡ್ ಬ್ಯಾಂಡ್’ ಕಥೆಯ ಖಳ ಕಲ್ಕತ್ತೆಯಲ್ಲಿ ವೈದ್ಯನಾಗಿದ್ದು ಊರಿಗೆ ಮರಳಿದವನು. ಭಾರತದಿಂದ ತಂದ ವಿಷದ ಹಾವನ್ನು ಪಕ್ಕದ ಕೋಣೆಯ ಕಿಂಡಿಯ ಮೂಲಕ ಹಗ್ಗದಗುಂಟ ಇಳಿಬಿಟ್ಟು, ಶಿಳ್ಳೆ ಹಾಕಿ ಹಿಂದಕ್ಕೆ ಕರೆದು, ತಟ್ಟೆಯಲ್ಲಿ ಹಾಲು ಕೊಡುತ್ತಾನೆ. ಡಾಯ್ಲ್ ಹೇಳುವ ಹೆಸರಿನ ಹಾವು ಭಾರತದಲ್ಲಿಲ್ಲ. ಹಾವಿಗೆ ಸಣ್ಣ ದನಿಯ ಶಿಳ್ಳೆ ಕೇಳಿಸದು. ಭಾರತದಿಂದ ತರಿಸಿದ್ದೆಂದು ತೋಟದಲ್ಲಿ ಬಿಟ್ಟಿದ್ದ ಬಬೂನ್ ಕೋತಿ ಆಫ್ರಿಕದ ಪ್ರಾಣಿ. ಹಾಲಿನ ವಿಷಯದಲ್ಲಿ ಮಾತ್ರ, ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಡಾಯ್ಲ್‌ನನ್ನು ನೋಡಿ ನಗುವಂತಿಲ್ಲ. ಅದು ಕೊಳಕುಮಂಡಲವೇ, ಕಟ್ಟುಹಾವೇ ಎಂದು ಅಭಿಮಾನಿಗಳು ಪುಟಗಟ್ಟಲೆ ಬರೆದಿದ್ದಾರೆ. ಇಷ್ಟೆಲ್ಲ ದೋಷವಿರುವ ಈ ಕಥೆಯನ್ನೇ ಡಾಯ್ಲ್ 1927ರಲ್ಲಿ ತನ್ನ ಮೆಚ್ಚಿನ ಹನ್ನೆರಡರ ಪಟ್ಟಿಯ ತಲೆಯಲ್ಲಿಟ್ಟ. ನನಗೂ ಅವನ ಆಯ್ಕೆ ಸರಿಯೆನಿಸುತ್ತದೆ. ಆ ಕಥೆಯಲ್ಲಿ ನೆನಪುಳಿಯುವುದು ಹಾವಲ್ಲ, ದೀಪವಾರಿಸಿದ ಕೋಣೆಯಲ್ಲಿ ಇಬ್ಬರು ಗೆಳೆಯರು ಉಸಿರು ಬಿಗಿಹಿಡಿದು ಕುಳಿತ ಆ ರಾತ್ರಿ. ಒಗಟು ಒಮ್ಮೆ ಬಿಡಿಸಿದರೆ ಮುಗಿಯಿತು. ಅದೇ ಕಥೆಯನ್ನು ಹತ್ತನೆಯ ಸಲ ಓದುವವನು ಓದುವುದು ಆ ಗೆಳೆತನಕ್ಕಾಗಿ, ಹೊರಗೆ ಮಂಜು ಕವಿದಿರುವಾಗ ಒಳಗೆ ಉರಿಯುವ ಬೆಂಕಿಗಾಗಿ.

ಆಟ ಆಡುವವರ ಸಂಘಗಳೂ ಹುಟ್ಟಿದವು. ನ್ಯೂಯಾರ್ಕಿನಲ್ಲಿ ಲೇಖಕ ಕ್ರಿಸ್ಟೋಫರ್ ಮಾರ್ಲಿ 1934ರಲ್ಲಿ ಕಟ್ಟಿದ ‘ಬೇಕರ್ ಸ್ಟ್ರೀಟ್ ಇರ್ರೆಗ್ಯುಲರ್ಸ್’ ಅವುಗಳಲ್ಲಿ ಹೆಸರಾದದ್ದು. ಜನವರಿಯಲ್ಲಿ ಸೇರಿ ಊಟ ಮಾಡುವ ಈ ಮಹನೀಯರು ತಮ್ಮ ಪಂಕ್ತಿಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. 1968ರಲ್ಲಿ ಕನೆಕ್ಟಿಕಟ್‌ನ ಕಾಲೇಜೊಂದರ ಕೆಲವು ಹುಡುಗಿಯರು, ಹೋಮ್ಸ್‌ನನ್ನು ಇವರಷ್ಟೇ ಬಲ್ಲವರು, ಕೊರೆಯುವ ಚಳಿಯಲ್ಲಿ ಹೋಟೆಲಿನ ಹೊರಗೆ ಫಲಕ ಹಿಡಿದು ಧರಣಿ ಕೂತರು. ಬಾಗಿಲು ತೆರೆಯಲಿಲ್ಲ. ಅವರು ತಮ್ಮದೇ ಸಂಘ ಕಟ್ಟಿಕೊಂಡರು. ಹಿರಿಯ ಸಂಘಕ್ಕೆ ಬುದ್ಧಿ ಬಂದದ್ದು 1991ರಲ್ಲಿ. ಹೋಮ್ಸ್‌ನನ್ನು ಬುದ್ಧಿಯಲ್ಲಿ ಸೋಲಿಸಿದವಳು ಐರೀನ್ ಆಡ್ಲರ್ ಎಂಬ ಹೆಂಗಸು ಎಂಬುದನ್ನು ಸ್ಟ್ರ್ಯಾಂಡ್‌ನ ಮೊದಲ ಕಥೆಯಲ್ಲಿಯೇ ಓದಿದ್ದ ಗಂಡಸರಿಗೆ ಇಷ್ಟು ತಡವಾಗಬಾರದಿತ್ತು.

ಬಂಗಾಳದಲ್ಲಿ ಹೋಮ್ಸ್‌ಗೆ ವಂಶವೇ ಬೆಳೆಯಿತು. 1932ರಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್, 1965ರಲ್ಲಿ ಸತ್ಯಜಿತ್ ರಾಯ್ ಅವರ ಫೆಲೂದಾ. ಫೆಲೂದಾ ಲಂಡನ್ನಿಗೆ ಹೋದಾಗ ಬೇಕರ್ ಸ್ಟ್ರೀಟ್‌ಗೆ ಹೋಗಿ ಗುರುವಿಗೆ ನಮಸ್ಕರಿಸಿ ಬರುತ್ತಾನೆ. ಆದರೆ ಭಾರತದ ನಂಟು ಇದಕ್ಕಿಂತ ಹಳೆಯದು, ಮತ್ತು ಕಥೆಯದಲ್ಲ.

ಮುಂಬಯಿಯ ಪಾರ್ಸಿ ಶಾಪುರ್ಜಿ ಎಡಲ್ಜಿ ಕ್ರೈಸ್ತನಾಗಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದ. ಹೆಂಡತಿ ಇಂಗ್ಲಿಷಿನವಳು. ಮಗ ಜಾರ್ಜ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಕೀಲ; ರೈಲ್ವೆ ಕಾನೂನಿನ ಬಗ್ಗೆ ಪುಸ್ತಕ ಬರೆದಿದ್ದ. ಕಂದು ಬಣ್ಣದ ಪಾದ್ರಿಯ ಮನೆಗೆ ವರ್ಷಗಟ್ಟಲೆ ಅನಾಮಧೇಯ ಪತ್ರಗಳ ಕಾಟ. 1903ರಲ್ಲಿ ಯಾರೋ ರಾತ್ರಿ ಹೊತ್ತು ಹೊಲದಲ್ಲಿ ಮೇಯುವ ದನ, ಕುದುರೆಗಳ ಹೊಟ್ಟೆ ಸೀಳತೊಡಗಿದಾಗ ಪೊಲೀಸರು ಜಾರ್ಜ್‌ನನ್ನೇ ಹಿಡಿದರು. ಏಳು ವರ್ಷದ ಶಿಕ್ಷೆಯಾಯಿತು. ಹತ್ತು ಸಾವಿರ ಜನ ಮನವಿಗೆ ಸಹಿ ಹಾಕಿದರು. ಮೂರು ವರ್ಷದ ನಂತರ, 1906ರಲ್ಲಿ, ಕಾರಣ ಹೇಳದೆ ಬಿಟ್ಟುಬಿಟ್ಟರು. ಅಪರಾಧಿಯೆಂಬ ಹೆಸರು ಹಾಗೆಯೇ ಉಳಿಯಿತು, ವಕೀಲಿ ಮಾಡುವಂತಿಲ್ಲ. ಜಾರ್ಜ್ ಕಾಗದ ಪತ್ರಗಳನ್ನೆಲ್ಲ ಕಟ್ಟಿ ಹೋಮ್ಸ್‌ನ ಸೃಷ್ಟಿಕರ್ತನಿಗೆ ಕಳಿಸಿದ.

ಲಂಡನ್ನಿನ ಹೋಟೆಲೊಂದರಲ್ಲಿ ಭೇಟಿ ಗೊತ್ತಾಗಿತ್ತು. ತಡವಾಗಿ ಬಂದ ಡಾಯ್ಲ್ ದೂರದಿಂದಲೇ ನೋಡಿದ: ಜಾರ್ಜ್ ಪತ್ರಿಕೆಯನ್ನು ಮುಖಕ್ಕೆ ತೀರಾ ಹತ್ತಿರ, ಓರೆಯಾಗಿ ಹಿಡಿದು ಓದುತ್ತಿದ್ದ. ರೋಗಿಗಳೇ ಬಾರದ ಆ ಹಳೆಯ ಕಣ್ಣಿನ ವೈದ್ಯನಿಗೆ ಅಷ್ಟು ಸಾಕಾಯಿತು. ಇಷ್ಟು ಮಂದದೃಷ್ಟಿಯವನು ಕಗ್ಗತ್ತಲಲ್ಲಿ ಹೊಲ, ಬೇಲಿ, ರೈಲುಹಳಿ ದಾಟಿ, ಕಾವಲಿದ್ದ ಪೊಲೀಸರ ಕಣ್ಣು ತಪ್ಪಿಸಿ ಪ್ರಾಣಿಯನ್ನು ಕೊಯ್ದು ಬರುವುದು ಹೇಗೆ? 1907ರ ಜನವರಿಯಲ್ಲಿ ಅವನು ‘ಡೈಲಿ ಟೆಲಿಗ್ರಾಫ್’ನಲ್ಲಿ ಪ್ರಕರಣವನ್ನು ಎಳೆ ಎಳೆಯಾಗಿ ಬಿಡಿಸಿಟ್ಟ. ಸಂಭಾವನೆ ಪಡೆಯಲಿಲ್ಲ, ಬೇರೆ ಪತ್ರಿಕೆಗಳೂ ಅಚ್ಚುಹಾಕಲೆಂದು ಹಕ್ಕು ಬಿಟ್ಟುಕೊಟ್ಟ. ಗದ್ದಲಕ್ಕೆ ಮಣಿದು ಸರ್ಕಾರ ಸಮಿತಿ ನೇಮಿಸಿತು. ಮೇ ತಿಂಗಳಲ್ಲಿ ಬಂದ ತೀರ್ಮಾನ ಅಡ್ಡಗೋಡೆಯ ಮೇಲಿಟ್ಟ ದೀಪ: ದನ ಸೀಳಿದವನು ಜಾರ್ಜ್ ಅಲ್ಲ, ಆದರೆ ಅನಾಮಧೇಯ ಪತ್ರ ಬರೆದು ತನ್ನ ಮೇಲೆ ತಾನೇ ಸಂಶಯ ತಂದುಕೊಂಡ, ಆದ್ದರಿಂದ ಪರಿಹಾರವಿಲ್ಲ. ಹೋಮ್ಸ್ ಕಥೆಯಾಗಿದ್ದರೆ ನಿಜವಾದ ಅಪರಾಧಿ ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತಿದ್ದ. ಇಲ್ಲಿ ಡಾಯ್ಲ್ ಒಬ್ಬನ ಮೇಲೆ ಬೊಟ್ಟು ಮಾಡಿದನಾದರೂ ಯಾರ ಮೇಲೂ ಅದು ಸಾಬೀತಾಗಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಯಿತು. ಅದರ ಹಿಂದಿನ ಒತ್ತಡಗಳಲ್ಲಿ ಈ ಪ್ರಕರಣವೂ ಒಂದು. ಜಾರ್ಜ್‌ಗೆ ವಕೀಲಿಯ ಸನ್ನದು ಮರಳಿ ದೊರೆಯಿತು.

ಮೊದಲ ಹೆಂಡತಿ ತೀರಿಕೊಂಡಿದ್ದ ಡಾಯ್ಲ್ 1907ರ ಸೆಪ್ಟೆಂಬರ್‌ನಲ್ಲಿ ಮರುಮದುವೆಯಾದ. ಔತಣಕ್ಕೆ ಲಂಡನ್ನಿನ ಗಣ್ಯರು ಬಂದಿದ್ದರು. ಅವರ ನಡುವೆ ದಪ್ಪ ಗಾಜಿನ ಹಿಂದಿನಂತೆ ಎಲ್ಲರನ್ನೂ ಮಸುಕಾಗಿಯೇ ಕಾಣುತ್ತಿದ್ದ ಒಬ್ಬ ಅತಿಥಿಯೂ ಇದ್ದ, ಪಾದ್ರಿಯ ಮಗ ಜಾರ್ಜ್ ಎಡಲ್ಜಿ.