ಅಡಿಕೆ ಮರದ ಎರಡನೆಯ ಸಿಪ್ಪೆ

ಗಿಡಮರಗಳಿಗೆ ರೋಗದಿಂದ ಓಡಿ ತಪ್ಪಿಸಿಕೊಳ್ಳುವ ಶಕ್ತಿಯಿಲ್ಲ. ಆದರೆ ಅವು ನಿರಾಯುಧವೂ ಅಲ್ಲ. ಎಲೆ, ಕಾಯಿಗಳ ಮೇಣದ ಸಿಪ್ಪೆಯೇ ಅವುಗಳ ಮೊದಲ ಕೋಟೆ. ರೋಗಾಣು ಅದನ್ನು ಭೇದಿಸಿದರೆ, ಮುತ್ತಿಗೆಗೊಳಗಾದ ಜೀವಕೋಶಗಳು ಎಷ್ಟೋ ವೇಳೆ ತಾವೇ ಸತ್ತು ಅದರ ದಾರಿಯನ್ನು ಕಟ್ಟುತ್ತವೆ. ನೆರೆಯ ಕೋಶಗಳು ವಿಷರಸಗಳನ್ನು ಸಿದ್ಧಪಡಿಸುತ್ತವೆ. ಇಂತಹ ರಸಗಳುಂಟೆಂಬ ವಿಚಾರವನ್ನು ಆಲೂಗೆಡ್ಡೆಯ ಪ್ರಯೋಗಗಳಿಂದ 1940ರಲ್ಲಿ ಮಂಡಿಸಿದವರು ಜರ್ಮನಿಯ ಮ್ಯುಲರ್ ಮತ್ತು ಬೋರ್ಗರ್.

ಅವರು ಆಲೂಗೆಡ್ಡೆಗೆ ಸೋಂಕಿಸಿದ್ದು ಫೈಟಾಫ್ತೊರಾ ಎಂಬ ಕುಲದ ರೋಗಾಣುವನ್ನು. ಅದರ ದಾಯಾದಿಯೇ ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣ. ನೋಟಕ್ಕೆ ಬೂಷ್ಟಿನಂತಿದ್ದರೂ ಇದು ಪಾಚಿಯ ಬಳಗಕ್ಕೆ ಹತ್ತಿರದ್ದು. ಇದರ ಬೀಜಾಣುಗಳು ನೀರಹನಿಯಲ್ಲಿ ಈಜಬಲ್ಲವು. ಶಿವಮೊಗ್ಗ, ಭದ್ರಾವತಿಗಳ ನಡುವಿನ ಸೋಗಾನೆಯಿಂದ ಪಡುವಣಕ್ಕೆ, ತೀರ್ಥಹಳ್ಳಿಯತ್ತ ನಡೆದಂತೆ ಮಳೆ ಹೆಚ್ಚುತ್ತದೆ. ಕೊಳೆಯ ಭಯವೂ ಹೆಚ್ಚುತ್ತದೆ. ವಾರಗಟ್ಟಲೆ ನೆನೆದ ಎಳೆಗಾಯಿಗೆ ತನ್ನ ಸಿಪ್ಪೆಯೊಂದೇ ಸಾಲದು. ಕಾಯಿ ಉದುರಿದರೆ ಒಂದು ವರ್ಷದ ಫಸಲು ಹೋದೀತು. ರೋಗ ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಏಕೆಂದರೆ ಅಡಿಕೆಗೆ ಇರುವುದು ಒಂದೇ ಸುಳಿ.

ಮರದ ಈ ಕೊರತೆಯನ್ನು ಮಲೆನಾಡಿನ ರೈತ ಹಿಂದೆಯೇ ಅರಿತಿದ್ದನು. ಕರಡದ ಹುಲ್ಲಿನ ಕೊಟ್ಟೆ ಹೆಣೆದು, ಮಳೆಗೆ ಮುನ್ನ ಗೊನೆಗೆ ತೊಡಿಸಿ ಕಾಯಿಯನ್ನು ಒಣಗಿಸಿಟ್ಟುಕೊಳ್ಳುತ್ತಿದ್ದನು. ರೋಗಾಣುವಿನ ಹೆಸರು ತಿಳಿಯದಿದ್ದರೂ ಅದರ ಬಲ ನೀರಿನಲ್ಲಿದೆಯೆಂಬುದು ಅವನಿಗೆ ಗೊತ್ತಿತ್ತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಶ್ರದ್ಧೆಯಿಂದ ಅಭ್ಯಸಿಸಿ, 1910ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗಾಗಿ ಪ್ರಕಟಿಸಿದ ಬೋರ್ಡೋ ದ್ರಾವಣ ಅಡಿಕೆಯ ಗೊನೆಗೂ ಏರಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇಂದಿಗೂ ಅದೇ ಲೆಕ್ಕ.

ಈ ಔಷಧಿ ಕೊಳೆತ ಕಾಯಿಯನ್ನು ಗುಣಪಡಿಸದು. ತಾಮ್ರದ ತೆಳುಪದರವು ಬೀಜಾಣುವನ್ನು ಹೊರಗೇ ಕೊಲ್ಲುತ್ತದೆ, ಅಷ್ಟೆ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು. ಅದು ತೊಳೆದುಹೋಗುವಷ್ಟರಲ್ಲಿ, ನಲವತ್ತು ನಲವತ್ತೈದು ದಿನಗಳಲ್ಲಿ, ಮತ್ತೆ ಸಿಂಪಡಿಸಬೇಕು. ಮಳೆ ಬಿಡುವು ಕೊಡದಿದ್ದರೆ ಜಾರುವ ಮರವನ್ನು ಹತ್ತುವವನ ಪ್ರಾಣಕ್ಕೇ ಅಪಾಯ.

ಕೊಟ್ಟೆಯೂ ತಾಮ್ರವೂ ಮಾಡಿದ ಕೆಲಸ ಒಂದೇ: ಮರದ ಸಿಪ್ಪೆಯ ಮೇಲೆ ಇನ್ನೊಂದು ಸಿಪ್ಪೆ ಹೊದಿಸಿದ್ದು. ಒಳಗಿನಿಂದಲೇ ಕೊಳೆಯನ್ನು ಪೂರ್ಣವಾಗಿ ತಡೆಯಬಲ್ಲ ಅಡಿಕೆಯ ತಳಿ ರೈತನ ಕೈಗೆ ಬರುವವರೆಗೆ ಪ್ರತಿ ಮುಂಗಾರಿಗೂ ಯಾರಾದರೊಬ್ಬರು ಆ ಮರಕ್ಕೆ ಎರಡನೆಯ ಸಿಪ್ಪೆ ಹೊದಿಸಲೇಬೇಕು.